ಜೋಕಿಮ್ ಮಾಸ್ಟ್ರ ಇಪ್ಪತ್ತೆರಡು ನಿಯಮಗಳು

ಹಾಜರಿ ಪುಸ್ತಕದಲ್ಲಿ ಆ ಹೆಸರು ಕಂಡಾಗಲೇ ಸ್ವರ್ಣಲತಾ ತರಗತಿಯ ಬಾಗಿಲ ಹೊರಗೇ ನಿಂತುಬಿಟ್ಟಳು. ಜೋಕಿಮ್ ಮಥಾಯಸ್, ವಯಸ್ಸು ಐವತ್ತೆಂಟು, ಕಾಪು. ಕಾಪುವಿನಲ್ಲಿ ಆ ಹೆಸರಿನವರು ಇನ್ನೊಬ್ಬರು ಇದ್ದರೂ ಈ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯಲು ಬರುವವರು ಒಬ್ಬರೇ ಇರಲು ಸಾಧ್ಯ. ಹೈಸ್ಕೂಲಿನಲ್ಲಿ ಮೂರು ವರ್ಷ ಅವಳಿಗೆ ಗಣಿತ ಕಲಿಸಿದ ಮಾಸ್ಟ್ರು. ಒಮ್ಮೆ ಅವಳು ಪ್ರಮೇಯವೊಂದರ ಕೊನೆಯ ಸಾಲನ್ನು ಪಕ್ಕದವಳ ಪುಸ್ತಕ ನೋಡಿ ಬರೆದಾಗ, ಇಡೀ ತರಗತಿಯ ಮುಂದೆ ಆ ಸಾಲು ಎಲ್ಲಿಂದ ಬಂತು ಎಂದು ಹತ್ತು ನಿಮಿಷ ಕೇಳಿದ್ದರು.

ಅದು ೧೯೮೫ರ ಜೂನ್. ಬನ್ನಂಜೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಲಿಯೋನೆಲ್ ಎಂಬವರು ಕಂಪ್ಯೂಟರ್ ತರಬೇತಿ ಶುರುಮಾಡಿ ಆರು ತಿಂಗಳಾಗಿತ್ತು. ಬಹರೈನ್‌ನಿಂದ ಊರಿಗೆ ಬರುವಾಗ ಬಟ್ಟೆಗಳ ನಡುವೆ ಸುತ್ತಿ ತಂದಿದ್ದ ಮೂರು ಪುಟ್ಟ ಕಂಪ್ಯೂಟರುಗಳೇ ಅವರ ಬಂಡವಾಳ. ಒಂದೊಂದೂ ಒಂದು ಪುಸ್ತಕದಷ್ಟೇ ದೊಡ್ಡದು, ರಬ್ಬರಿನ ಕೀಲಿಗಳು, ಟಿ.ವಿ.ಗೆ ತಂತಿ ಸಿಕ್ಕಿಸಿದರೆ ಅಕ್ಷರ ಮೂಡುತ್ತಿದ್ದವು. ಬರೆದದ್ದನ್ನು ಉಳಿಸಬೇಕಾದರೆ ಹಾಡು ಕೇಳುವ ಕ್ಯಾಸೆಟ್ಟಿನಲ್ಲಿ ಉಳಿಸಬೇಕು. ಗಣಿತದಲ್ಲಿ ಬಿ.ಎಸ್ಸಿ. ಮಾಡಿ, ಆಮೇಲೆ ಮಣಿಪಾಲದಲ್ಲಿ ಒಂದು ವರ್ಷ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದ ಇಪ್ಪತ್ನಾಲ್ಕರ ಸ್ವರ್ಣಲತಾ ಅಲ್ಲಿನ ಒಬ್ಬಳೇ ಟೀಚರ್.

ಅವಳು ಒಳಗೆ ಬಂದಾಗ ಮೊದಲ ಬೆಂಚಿನಲ್ಲಿ ಕೊಡೆಯನ್ನು ಕಾಲ ಬಳಿ ಒರಗಿಸಿಟ್ಟು ಕುಳಿತಿದ್ದ ಮಾಸ್ಟ್ರು ಎದ್ದು ನಿಂತರು. ಉಳಿದ ಹನ್ನೊಂದು ಜನರೂ ಎದ್ದರು. ಅವಳು ಹಾಜರಿ ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತಳು.

“ಕುಳಿತುಕೊಳ್ಳಿ ಅಂತ ನೀವು ಹೇಳಬೇಕು ಮೇಡಂ,” ಎಂದರು ಮಾಸ್ಟ್ರು. “ಇಲ್ಲದಿದ್ದರೆ ನಾವು ಹೀಗೇ ನಿಂತಿರುತ್ತೇವೆ.”

ತರಗತಿಯೊಳಗೆ ಮೇಡಂ, ನೀವು; ಹೊರಗೆ ಮೆಟ್ಟಿಲಿನ ಮೇಲೆ ಸಿಕ್ಕಿದಾಗ ಸ್ವರ್ಣ, ನೀನು. ಈ ವ್ಯವಸ್ಥೆಯನ್ನು ಅವರೇ ಮಾಡಿಕೊಂಡರು, ಕಡೆಯವರೆಗೂ ತಪ್ಪಲಿಲ್ಲ.

ಜಗಳ ಹುಟ್ಟಿದ್ದು ಮೂರನೆಯ ದಿನ. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎಣಿಸುವುದು ಹೇಗೆ ಎಂದು ತೋರಿಸಲು ಅವಳು ಬೋರ್ಡಿನ ಮೇಲೆ ಲೆಟ್ ಎಂಬ ಪದ ಬರೆದು, ಅದರ ಮುಂದೆ x = x + 1 ಎಂದು ಬರೆದಳು. ಮಾಸ್ಟ್ರು ಕೈ ಎತ್ತಿದರು.

“ಮೇಡಂ, ಎರಡೂ ಕಡೆಯಿಂದ x ತೆಗೆಯಿರಿ. ಎಂತ ಉಳಿಯಿತು?”

“ಸೊನ್ನೆ... ಸಮ... ಒಂದು.”

ತರಗತಿ ನಕ್ಕಿತು. ಮಾಸ್ಟ್ರು ನಗಲಿಲ್ಲ. x ಎಂದರೆ ಇಲ್ಲಿ ಸಂಖ್ಯೆ ಅಲ್ಲ, ಒಂದು ಪೆಟ್ಟಿಗೆ ಎಂದಳು ಸ್ವರ್ಣಲತಾ. ಇದು ಸಮೀಕರಣ ಅಲ್ಲ, ಪೆಟ್ಟಿಗೆಯಲ್ಲಿ ಇದ್ದದ್ದಕ್ಕೆ ಒಂದು ಸೇರಿಸು ಎಂಬ ಆಜ್ಞೆ ಎಂದು ವಿವರಿಸಿದಳು. ಹಾಗಾದರೆ ಅದಕ್ಕೆ ಸಮಚಿಹ್ನೆ ಯಾಕೆ ಬಳಸಿದರು ಎಂದು ಅವರು ಕೇಳಿದರು.

“ಮೂವತ್ತನಾಲ್ಕು ವರ್ಷ ಮಕ್ಕಳಿಗೆ ನಾನು ಒಂದೇ ವಿಷಯ ಹೇಳಿದ್ದು,” ಎಂದರು ಮಾಸ್ಟ್ರು. “ಒಂದು ಲೆಕ್ಕದಲ್ಲಿ x ಐದು ಅಂತ ಒಮ್ಮೆ ಹೇಳಿದರೆ ಆ ಲೆಕ್ಕ ಮುಗಿಯುವವರೆಗೆ ಐದೇ. ಈಗ ನಾನು ಹೇಗೆ ಇದನ್ನು ಬರೆಯಲಿ? ನಾನು ಬರೆಯುವುದಿಲ್ಲ.”

ಆ ದಿನದ ಅಭ್ಯಾಸದಲ್ಲಿ ಅವರ ಪರದೆ ಖಾಲಿಯಾಗಿಯೇ ಉಳಿಯಿತು.

ತನ್ನೂರು ಇನ್ನಂಜೆಗೆ ಮರಳುವ ಬಸ್ಸಿನಲ್ಲಿ ಸ್ವರ್ಣಲತಾ ಸಿಟ್ಟಿನಿಂದ ಕುದಿಯುತ್ತಿದ್ದಳು. ಕಲಿಯಲು ಬಂದವರು ಕಲಿಯಬೇಕು. ಈ ವಯಸ್ಸಿನಲ್ಲೂ ಅದೇ ಹಟ. ಆದರೆ ಕಟಪಾಡಿ ದಾಟುವ ಹೊತ್ತಿಗೆ ಅವಳಿಗೆ ಇನ್ನೊಂದು ನೆನಪಾಯಿತು. ಮಣಿಪಾಲದಲ್ಲಿ ಓದುವಾಗ, ಮೇಷ್ಟ್ರೊಬ್ಬರು ಲಿಸ್ಪ್ ಎಂಬ ಭಾಷೆಯ ಬಗ್ಗೆ ಅರ್ಧ ಗಂಟೆ ಮಾತಾಡಿ, ಇದು ನಿಮ್ಮ ಪರೀಕ್ಷೆಗೆ ಇಲ್ಲ ಎಂದು ಬಿಟ್ಟಿದ್ದರು. ಅದರಲ್ಲಿ ಎಲ್ಲವೂ ಫಂಕ್ಷನ್. ಒಂದು ಬೆಲೆ ಕೊಟ್ಟರೆ ಇನ್ನೊಂದು ಬೆಲೆ ಬರುತ್ತದೆ, ಪೆಟ್ಟಿಗೆಯನ್ನು ಬದಲಿಸುವ ಅಗತ್ಯವೇ ಬೀಳದಂತೆ ಬರೆಯಬಹುದು ಎಂದಿದ್ದರು.

ಶನಿವಾರ ಅವಳು ಮಣಿಪಾಲಕ್ಕೆ ಹೋದಳು. ಅಲ್ಲಿನ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳತಿ ಎಸ್ತರ್ ಹುಡುಕಿ, ಅಕ್ಷರಗಳೆಲ್ಲ ಓರೆಯಾಗಿ ಬಿದ್ದಿದ್ದ ನಲವತ್ತು ಪುಟಗಳ ಒಂದು ಜೆರಾಕ್ಸ್ ಪ್ರತಿ ತೆಗೆದುಕೊಟ್ಟಳು. ಫಂಕ್ಷನ್‌ಗಳಿಂದಲೇ ಒಂದು ಭಾಷೆಯನ್ನು ಕಟ್ಟುವುದು ಹೇಗೆ, ಆ ಭಾಷೆಯನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಬರೆಯುವುದು ಹೇಗೆ ಎಂಬುದೇ ಅದರ ವಿಷಯ. ಸೋಮವಾರ ತರಗತಿ ಮುಗಿದ ಮೇಲೆ ಸ್ವರ್ಣಲತಾ ಅದನ್ನು ಮಾಸ್ಟ್ರ ಕೈಗಿಟ್ಟಳು.

ಮೂರು ದಿನ ಅವರು ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಹಾಳೆಗಳ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು.

“ಇದು ಗಣಿತ,” ಎಂದರು ಮೆಟ್ಟಿಲಿನ ಮೇಲೆ ನಿಂತು. “ಸ್ವರ್ಣ, ನಮ್ಮ ಮೆಷಿನಿನಲ್ಲಿ ಇದು ಉಂಟಾ?”

“ಇಲ್ಲ ಸರ್. ಬೇಸಿಕ್ ಮಾತ್ರ ಉಂಟು.”

“ಹಾಗಾದರೆ ಬೇಸಿಕ್‌ನಿಂದ ಇದನ್ನು ಮಾಡಬೇಕು. ಆ x = x + 1 ಎಲ್ಲ ನೀನು ಬರೆ. ನನಗೆ ತೋರಿಸಬೇಡ.”

ಅವಳಿಗೆ ನಗು ಬಂತು. ಮಾಸ್ಟ್ರ ಎದುರು ಅವಳು ನಕ್ಕದ್ದು ಅದೇ ಮೊದಲು.

ಲಿಯೋನೆಲ್ ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಹೋದರೆ ಎರಡೂವರೆಗೆ ಬರುತ್ತಿದ್ದರು. ಆ ಒಂದೂವರೆ ಗಂಟೆ ಕಿಟಕಿಯ ಪಕ್ಕದ ಮೆಷಿನು ಇವರದಾಯಿತು. ಸ್ವರ್ಣಲತಾ ಬೇಸಿಕ್‌ನಲ್ಲಿ ಇಂಟರ್‌ಪ್ರಿಟರ್ ಬರೆಯತೊಡಗಿದಳು. ಅದರ ಕೆಲಸ ಸರಳವೇ: ಮಾಸ್ಟ್ರ ಭಾಷೆಯ ಒಂದು ಸೂತ್ರವನ್ನು ಓದುವುದು, ಅದನ್ನು ತುಂಡುಗಳಾಗಿ ಬಿಡಿಸುವುದು, ತುಂಡುಗಳ ಬೆಲೆ ಕಂಡುಹಿಡಿದು ಇಡೀ ಸೂತ್ರದ ಬೆಲೆ ಹೇಳುವುದು. ಭಾಷೆಯ ನಿಯಮಗಳನ್ನು ಮಾಸ್ಟ್ರು ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ತರುತ್ತಿದ್ದರು. ಕ್ಯಾಸೆಟ್ಟಿನ ಮೇಲೆ ಏನಾದರೂ ಹೆಸರು ಬರೆಯಬೇಕಿತ್ತು. ಅವಳು ‘ಮಾಸ್ಟ್ರು ೧’ ಎಂದು ಬರೆದಳು.

ಆಗಸ್ಟ್ ಹೊತ್ತಿಗೆ ಕೂಡಿಸುವುದು ಕಳೆಯುವುದು ಎಲ್ಲ ಸರಿಯಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಮಾಸ್ಟ್ರು ಫ್ಯಾಕ್ಟೋರಿಯಲ್ ಕೊಟ್ಟರು. ಸೊನ್ನೆಯ ಫ್ಯಾಕ್ಟೋರಿಯಲ್ ಒಂದು. ಬೇರೆ ಯಾವ ಸಂಖ್ಯೆಯದಾದರೂ ಆ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯದರ ಫ್ಯಾಕ್ಟೋರಿಯಲ್‌ನಿಂದ ಗುಣಿಸಬೇಕು. ನಾಲ್ಕಕ್ಕೆ ಇಪ್ಪತ್ನಾಲ್ಕು ಬರಬೇಕು. ಪರದೆಯ ಮೇಲೆ ಸೊನ್ನೆ ಬಂತು. ಐದಕ್ಕೂ ಸೊನ್ನೆ, ಹತ್ತಕ್ಕೂ ಸೊನ್ನೆ.

ಸ್ವರ್ಣಲತಾ ಒಂದು ವಾರ ತಪ್ಪು ಹುಡುಕಿದಳು. ಇನ್ನೂರ ಎಂಬತ್ತು ಸಾಲುಗಳಲ್ಲಿ ಯಾವ ಸಾಲು ಯಾವ ಪೆಟ್ಟಿಗೆಯನ್ನು ಯಾವಾಗ ಮುಟ್ಟುತ್ತದೆ ಎಂದು ಹೇಳುವುದೇ ಕಷ್ಟ. ಒಂದನ್ನು ತಿದ್ದಿದರೆ ಇನ್ನೆಲ್ಲೋ ಕೂಡಿಸುವುದೇ ಕೆಡುತ್ತಿತ್ತು. ಎಂಟನೆಯ ದಿನ, ತಪ್ಪು ಎಲ್ಲೆಂದು ತಿಳಿದರೂ ತಿದ್ದುವ ದಾರಿ ಕಾಣದೆ, ತೋರಿಸಬೇಡ ಎಂದಿದ್ದರೂ ಎಲ್ಲವನ್ನೂ ಅವರಿಗೆ ಹೇಳಿಬಿಟ್ಟಳು.

“ನಾಲ್ಕರ ಲೆಕ್ಕ ಮಾಡುತ್ತಾ ಇರುವಾಗ ಮೂರರ ಲೆಕ್ಕಕ್ಕೆ ಹೋಗಬೇಕು ಸರ್. ಆಗ n ಎಂಬ ಪೆಟ್ಟಿಗೆಯಲ್ಲಿ ಮೂರು ಬರುತ್ತದೆ. ಆಮೇಲೆ ಎರಡು, ಒಂದು, ಸೊನ್ನೆ. ವಾಪಸು ಬಂದು ಗುಣಿಸುವಾಗ ಅಲ್ಲಿ ನಾಲ್ಕು ಇರುವುದಿಲ್ಲ, ಸೊನ್ನೆ ಇರುತ್ತದೆ.”

ಮಾಸ್ಟ್ರು ಉತ್ತರಪತ್ರಿಕೆಯ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟು n = 4 ಎಂದು ಬರೆದರು. ಅದರ ಮೇಲೆ ಇನ್ನೊಂದು ಹಾಳೆ ಇಟ್ಟು n = 3 ಎಂದು ಬರೆದರು. ಅದರ ಮೇಲೆ ಮತ್ತೊಂದು.

“ಪ್ರಮೇಯದ ನಡುವೆ ಸಣ್ಣ ಪ್ರಮೇಯ ಬಂದರೆ ನಾನು ಬೋರ್ಡು ಒರೆಸುತ್ತಿದ್ದೆನಾ?”

“ಇಲ್ಲ ಸರ್. ಪಕ್ಕದಲ್ಲಿ ಗೆರೆ ಎಳೆದು ಬರೆಯುತ್ತಿದ್ದಿರಿ.”

“ಮುಗಿದ ಮೇಲೆ ಅದನ್ನು ಮಾತ್ರ ಒರೆಸುತ್ತಿದ್ದೆ. ಹಳೆಯದು ಹಾಗೇ ಇರುತ್ತಿತ್ತು.” ಅವರು ಮೇಲಿನ ಹಾಳೆ ತೆಗೆದರು, ಕೆಳಗೆ ಮೂರು ಇತ್ತು. ಅದನ್ನೂ ತೆಗೆದರು; ನಾಲ್ಕು ಇತ್ತು.

ಅಂದರೆ ಪ್ರತಿ ಸಲ ಫಂಕ್ಷನ್ ಒಳಗೆ ಹೋಗುವಾಗ ಹೆಸರು ಮತ್ತು ಬೆಲೆಗಳ ಹೊಸ ಪಟ್ಟಿಯೊಂದನ್ನು ಕೊಟ್ಟು ಕಳಿಸಬೇಕು, ಹಳೆಯ ಪಟ್ಟಿಯನ್ನು ಮುಟ್ಟಬಾರದು. ಜೆರಾಕ್ಸ್ ಪ್ರತಿಯಲ್ಲೂ ಅದೇ ಬರೆದಿತ್ತು, ಆದರೆ ಆ ಪುಟ ಓದಿದಾಗ ಅವಳಿಗೆ ಅದು ಯಾಕೆಂದು ತಿಳಿದಿರಲಿಲ್ಲ. ಇಂಟರ್‌ಪ್ರಿಟರಿನ ಅರ್ಧ ಭಾಗವನ್ನು ಅಳಿಸಿ ಮತ್ತೆ ಬರೆದಳು. ಹತ್ತು ದಿನ ಬೇಕಾಯಿತು. ಪರದೆಯ ಮೇಲೆ ಇಪ್ಪತ್ನಾಲ್ಕು ಮೂಡಿದಾಗ ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡು, “ಸರಿ. ಇನ್ನು ಐದು ಕೊಡು,” ಎಂದರು.

ಡಿಸೆಂಬರಿನಲ್ಲಿ ಸರ್ಟಿಫಿಕೇಟ್ ಪರೀಕ್ಷೆ ಬಂತು. ಮಂಗಳೂರಿನಿಂದ ಬಂದ ಪರೀಕ್ಷಕರು ಐದು ಪ್ರಶ್ನೆ ಕೊಟ್ಟರು. ಒಂದರಿಂದ ನೂರರವರೆಗಿನ ಸಂಖ್ಯೆಗಳ ಮೊತ್ತವನ್ನು ಮುದ್ರಿಸುವ ಪ್ರೋಗ್ರಾಂ ಬರೆಯಿರಿ ಎಂಬುದು ಮೊದಲನೆಯದು. ಮಾಸ್ಟ್ರು ಒಂದೇ ಸಾಲು ಬರೆದಿದ್ದರು: ನೂರನ್ನು ನೂರ ಒಂದರಿಂದ ಗುಣಿಸಿ ಎರಡರಿಂದ ಭಾಗಿಸಿ ಮುದ್ರಿಸು. ಐದು ಸಾವಿರದ ಐವತ್ತು. ಉಳಿದವೂ ಹೆಚ್ಚುಕಡಿಮೆ ಇದೇ ದಾರಿ. ಐದರಲ್ಲಿ ಮೂರಕ್ಕೆ ಸೊನ್ನೆ ಬಿತ್ತು.

“ಉತ್ತರ ಸರಿ ಉಂಟಲ್ಲ,” ಎಂದು ಸ್ವರ್ಣಲತಾ ಲಿಯೋನೆಲ್ ಅವರೊಂದಿಗೆ ವಾದಿಸಿದಳು.

“ಲೂಪ್ ಎಲ್ಲಿ ಉಂಟು ಮಾರಾಯ್ತಿ, ಒಂದೊಂದೇ ಸಂಖ್ಯೆ ಸೇರಿಸುತ್ತಾ ನೂರು ಸಲ ಸುತ್ತುವುದು? ಪರೀಕ್ಷೆ ಇರುವುದು ಲೂಪ್ ಬರುತ್ತದಾ ಅಂತ ನೋಡಲಿಕ್ಕೆ. ನಾನು ಎಂತ ಮಾಡಲಿ? ಅವರು ಕೊಟ್ಟ ಮಾರ್ಕು ನಾನು ತಿದ್ದಲಿಕ್ಕೆ ಆಗುತ್ತದಾ?” ಅವರು ಕೆಟ್ಟ ಮನುಷ್ಯನೇನಲ್ಲ. ಆದರೆ ಜನವರಿಗೆ ಹೊಸ ಬ್ಯಾಚು ಬರುವುದಿತ್ತು. ಮಧ್ಯಾಹ್ನವೂ ತರಗತಿ ಇಡಬೇಕು, ಕೋರ್ಸು ಮುಗಿದವರಿಗೆ ಮೆಷಿನು ಕೊಡಲಾಗದು ಎಂದು ಅದೇ ಮಾತಿನಲ್ಲಿ ಸೇರಿಸಿದರು.

ಈ ಎರಡು ಸುದ್ದಿಗಳನ್ನು ಪತ್ರದಲ್ಲಿ ಬರೆಯಲು ಅವಳಿಗೆ ಮನಸ್ಸಾಗಲಿಲ್ಲ. ಸಂಜೆ ಕಾಪುವಿನಲ್ಲಿಳಿದು ಮಾಸ್ಟ್ರ ಮನೆಗೇ ಹೋದಳು. ಅವರ ಹೆಂಡತಿ ಬರ್ತಾ ಬಾಯಿ ಬಾಗಿಲು ತೆಗೆದರು, ವಿಷಯ ಕೇಳಿ ಮುಖ ಸಣ್ಣದು ಮಾಡಿಕೊಂಡರು. ಗೋಡೆಯಲ್ಲಿ ಅವರ ಮದುವೆಯ ಫೋಟೋದ ಪಕ್ಕ ಸರ್ಟಿಫಿಕೇಟಿಗೆಂದು ಹೊಸ ಮೊಳೆಯೊಂದನ್ನು ಆಗಲೇ ಹೊಡೆಸಿದ್ದರು.

“ಇಗರ್ಜಿಗೆ ಪೂಜೆಗೆ ಬರುವವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ,” ಎಂದರು ಬರ್ತಾ ಬಾಯಿ. “ಫೇಲಾದರು ಅಂತ ಈಗ ಹೇಗೆ ಹೇಳುವುದು? ಪರೀಕ್ಷೆಯವರು ಹೇಳಿದ ಹಾಗೆ ಬರೆದುಬಿಟ್ಟಿದ್ದರೆ ಎಂತ ಹೋಗುತ್ತಿತ್ತು ನಿಮ್ಮದು?”

“ಲೂಪ್ ಹಾಕಿ ಅಂತ ಪ್ರಶ್ನೆಯಲ್ಲಿ ಇರಲಿಲ್ಲ,” ಎಂದಷ್ಟೇ ಹೇಳಿ ಮಾಸ್ಟ್ರು ಸ್ವರ್ಣಲತಾಳ ಕಡೆ ತಿರುಗಿದರು. ಮೆಷಿನು ಇನ್ನು ಸಿಗುವುದಿಲ್ಲ ಎಂದಾಗ ಮಾತ್ರ ಅವರ ಕೈ ಕುರ್ಚಿಯ ತೋಳಿನ ಮೇಲೆ ಒಮ್ಮೆ ಬಿಗಿಯಾಯಿತು. ಅವಳು ಅದನ್ನು ನೋಡಿದಳು. ಶಾಲೆಯಲ್ಲಿ ಮೂರು ವರ್ಷ ಹೆದರಿದ್ದ ಮನುಷ್ಯನ ಹತ್ತಿರಕ್ಕೆ ತನ್ನ ಕುರ್ಚಿ ಎಳೆದುಕೊಂಡಳು.

“ನಿನ್ನ ಇಂಟರ್‌ಪ್ರಿಟರ್ ತುಂಬ ನಿಧಾನ, ಸ್ವರ್ಣ,” ಎಂದರು ಮಾಸ್ಟ್ರು, ಬರ್ತಾ ಬಾಯಿ ಚಾ ಮಾಡಲು ಒಳಗೆ ಹೋದ ಮೇಲೆ. “ಐವತ್ತರವರೆಗಿನ ಅವಿಭಾಜ್ಯ ಸಂಖ್ಯೆ ಹುಡುಕಲಿಕ್ಕೆ ಹನ್ನೊಂದು ನಿಮಿಷ ತೆಗೆದುಕೊಂಡಿತು.”

“ಅದು ಪ್ರತಿ ಸಲ ಸೂತ್ರವನ್ನು ಹೊಸದಾಗಿ ಓದುತ್ತದೆ ಸರ್. ಕಂಪೈಲರ್ ಆದರೆ ಒಂದೇ ಸಲ ಓದಿ, ಎಲ್ಲವನ್ನೂ ಬೇಸಿಕ್ ಸಾಲುಗಳಾಗಿ ಅನುವಾದ ಮಾಡಿ ಕೊಡುತ್ತದೆ. ಆಮೇಲೆ ಆ ಸಾಲುಗಳನ್ನು ಮಾತ್ರ ನಡೆಸಿದರಾಯಿತು. ಆದರೆ ಕಂಪೈಲರ್ ಬರೆಯಲಿಕ್ಕೆ ಮೆಷಿನು ಬೇಕು.”

“ಯಾಕೆ ಬೇಕು? ನಮ್ಮ ಭಾಷೆಯಲ್ಲೇ ಬರೆದರೆ ಕಾಗದ ಸಾಕು. ಪ್ರತಿ ನಿಯಮವನ್ನೂ ಕೈಯಲ್ಲೇ ಪರೀಕ್ಷೆ ಮಾಡಬಹುದು.”

ಅವರು ಹೇಳಿದ್ದು ಸರಿಯೇ ಇತ್ತು. ಸೂತ್ರವೊಂದು ಬಂದರೆ ಅದು ಬರೀ ಸಂಖ್ಯೆಯೋ, ಹೆಸರೋ, ಎರಡು ಸೂತ್ರಗಳ ಮೊತ್ತವೋ ಎಂದು ನೋಡುವುದು. ಒಂದೊಂದಕ್ಕೂ ಒಂದು ನಿಯಮ. ಮೊತ್ತದ ಅನುವಾದ ಎಂದರೆ ಎರಡು ಭಾಗಗಳ ಅನುವಾದ, ಕೊನೆಗೆ ಕೂಡಿಸು ಎಂಬ ಒಂದು ಸಾಲು. ದೊಡ್ಡ ಸೂತ್ರದ ಅನುವಾದ ಸಣ್ಣ ಸೂತ್ರಗಳ ಅನುವಾದದಿಂದಲೇ ಆಗುತ್ತದೆ. ಒಂದು ನಿಯಮ ಇನ್ನೊಂದರ ಬೆನ್ನ ಹಿಂದೆ ಏನನ್ನೂ ಬದಲಿಸುವುದಿಲ್ಲ.

ಒಂದೇ ತೊಡಕು. ಅನುವಾದವಾಗಿ ಹೊರಬರುವ ಸಾಲುಗಳು ಬೇಸಿಕ್‌ನವು. ಆ ಹಾಳೆಗಳಂತೆ ಒಂದರ ಮೇಲೊಂದು ಪೇರಿಸಿದ ರಾಶಿಯ ಮೇಲೆ ಇನ್ನೊಂದು ಬೆಲೆ ಇಡುವುದಕ್ಕೆ ಬೇಸಿಕ್‌ನಲ್ಲಿ ಹೇಗೆ ಬರೆಯುತ್ತಾರೆ ಎಂದು ಜನವರಿಯ ಒಂದು ಭಾನುವಾರ ಮಾಸ್ಟ್ರು ಕೇಳಿದಾಗ, ರಾಶಿಯ ಎತ್ತರಕ್ಕೆ p ಎಂದು ಹೆಸರಿಟ್ಟು ಸ್ವರ್ಣಲತಾ ಸ್ವಲ್ಪ ಹಿಂಜರಿದು ಬರೆದಳು: p = p + 1. ಅವರು ಚೀಟಿಯನ್ನು ನೋಡಿ ಮಡಚಿ ಕಿಸೆಗೆ ಹಾಕಿಕೊಂಡರು. ಆ ದಿನ ಮತ್ತೆ ಕೆಲಸದ ಮಾತೆತ್ತಲಿಲ್ಲ.

ಮುಂದಿನ ಭಾನುವಾರ ಅವಳು ಹೋದಾಗ ಅವರು ಅಂಗಳದಲ್ಲೇ ನಿಂತಿದ್ದರು.

“ಎಡಗಡೆಯ p ಬೇರೆ, ಬಲಗಡೆಯ p ಬೇರೆ,” ಎಂದರು, ನಮಸ್ಕಾರಕ್ಕೂ ಮೊದಲು. “ಬಲಗಡೆಯದು ಮೊದಲಿನ ಹೊತ್ತಿನದು, ಎಡಗಡೆಯದು ಆಮೇಲಿನ ಹೊತ್ತಿನದು. ಗಣಿತದಲ್ಲಿ ಹೊತ್ತು ಅಂತ ಇಲ್ಲ, ಮೆಷಿನಿಗೆ ಉಂಟು. ಇದು ಸಮೀಕರಣವೇ ಅಲ್ಲ, ಆಜ್ಞೆ. ನೀನು ಇದನ್ನು ಮೊದಲೇ ಹೇಳಬೇಕಿತ್ತು.”

“ಹೇಳಿದ್ದೆ ಸರ್. ಮೂರನೆಯ ದಿನ.”

ಅವರು ಯೋಚಿಸಿದರು. “ಹೌದು, ನೀನು ಹೇಳಿದ್ದೆ. ನಾನು ಕೇಳಲಿಲ್ಲ.” ಆಮೇಲೆ ಒಳಗೆ ಕರೆದು ಎರಡು ಹಾಳೆ ಕೊಟ್ಟರು. ಇಪ್ಪತ್ತೆರಡು ನಿಯಮ. ಕಂಪೈಲರ್ ಪೂರ್ತಿ ಅಷ್ಟೇ. ಅವಳು ಇಂಟರ್‌ಪ್ರಿಟರಿಗೆ ಬರೆದ ಸಾಲುಗಳು ನಾನೂರು ದಾಟಿದ್ದವು.

ಲಿಯೋನೆಲ್ ಅವರನ್ನು ಒಪ್ಪಿಸಲು ಮೂರು ವಾರ ಹಿಡಿಯಿತು. ಕಡೆಗೆ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿ ತಾವೇ ಬಂದು ಬೀಗ ತೆಗೆದರು. ಹನ್ನೆರಡೂವರೆಗೆ ಮುಚ್ಚುತ್ತೇನೆ ಎಂದು ಮೊದಲೇ ಹೇಳಿದರು. ಸ್ವರ್ಣಲತಾ ಕ್ಯಾಸೆಟ್ಟಿನಿಂದ ಇಂಟರ್‌ಪ್ರಿಟರ್ ತುಂಬಿಸಿ, ಮಾಸ್ಟ್ರು ಓದಿ ಹೇಳಿದ ಇಪ್ಪತ್ತೆರಡು ನಿಯಮಗಳನ್ನು ಒತ್ತಿದಳು. ಮೊದಲು ಒಂದು ಸಣ್ಣ ಸೂತ್ರ: ಏಳರಿಂದ ಮೂರು ಕಳೆ. ಒಂದು ನಿಮಿಷದ ಮೇಲೆ ಐದು ಬೇಸಿಕ್ ಸಾಲುಗಳು ಪರದೆಯ ಮೇಲೆ ಒಂದೊಂದಾಗಿ ಬಂದವು. ಅವನ್ನು ಪಕ್ಕದ ಮೆಷಿನಿಗೆ ಒತ್ತಿ ನಡೆಸಿದಾಗ ಉತ್ತರ ಬಂತು: ಮೈನಸ್ ನಾಲ್ಕು.

ಲಿಯೋನೆಲ್ ಗಡಿಯಾರ ನೋಡಿದರು. ಸ್ವರ್ಣಲತಾಳ ಕಣ್ಣ ಮುಂದೆ ಆಗಸ್ಟಿನ ಆ ವಾರ ಬಂತು. ಮಾಸ್ಟ್ರು ಮೆಷಿನಿನ ಕಡೆ ನೋಡಲೇ ಇಲ್ಲ. ಹಾಳೆಯ ಮೇಲೆ ಪೆನ್ಸಿಲ್ ಇಟ್ಟು ಮೆಲ್ಲಗೆ ಕೆಳಗೆ ಬಂದರು.

“ಹದಿನಾಲ್ಕನೆಯದು. ಕೂಡಿಸುವ ನಿಯಮವನ್ನು ನೋಡಿ ಕಳೆಯುವುದನ್ನು ಬರೆದಿದ್ದೇನೆ. ಅದರಲ್ಲಿ ಎರಡನೆಯ ಭಾಗ ಮೊದಲು ಬರುತ್ತದೆ. ಕೂಡಿಸುವಾಗ ಯಾವುದು ಮೊದಲು ಬಂದರೂ ನಡೆಯುತ್ತದೆ, ಕಳೆಯುವಾಗ ನಡೆಯುವುದಿಲ್ಲ. ಇಲ್ಲಿ ಎರಡು ಹೆಸರು ಅದಲುಬದಲು ಮಾಡು.”

“ಬೇರೆ ಕಡೆ ಏನಾದರೂ ಕೆಡುತ್ತದಾ ಸರ್?”

“ಹೇಗೆ ಕೆಡುತ್ತದೆ? ಇದರಲ್ಲಿ ಇದೊಂದೇ ಇರುವುದು.”

ಅವಳು ಬದಲಿಸಿದಳು. ನಾಲ್ಕು ಬಂತು. ಆಮೇಲೆ ಅವಿಭಾಜ್ಯ ಸಂಖ್ಯೆಗಳ ಪ್ರೋಗ್ರಾಂ ಕೊಟ್ಟರು. ಅದರ ಅನುವಾದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸಾಲುಗಳು ಬಂದಂತೆ ಮಾಸ್ಟ್ರು ಪುಸ್ತಕದಲ್ಲಿ ಬರೆದುಕೊಂಡರು. ಪ್ರತಿ ನಾಲ್ಕೈದು ಸಾಲಿಗೊಮ್ಮೆ ಆ p = p + 1 ಬರುತ್ತಿತ್ತು, ಅವರು ಅದನ್ನೂ ದುಂಡಗೆ ಬರೆದರು. ಲಿಯೋನೆಲ್ ಕೆಳಗಿನ ಹೋಟೆಲಿನಿಂದ ಚಾ ಮತ್ತು ಬನ್ಸ್ ತರಿಸಿದರು. ಎಪ್ಪತ್ತೊಂದು ಸಾಲು. ಎಲ್ಲವನ್ನೂ ಪಕ್ಕದ ಮೆಷಿನಿಗೆ ಒತ್ತುವ ಹೊತ್ತಿಗೆ ಒಂದು ಗಂಟೆ ದಾಟಿತ್ತು. ಬೀಗದ ಮಾತು ಯಾರೂ ಎತ್ತಲಿಲ್ಲ.

ಎರಡು, ಮೂರು, ಐದು, ಏಳು ಎಂದು ಸಂಖ್ಯೆಗಳು ಬಂದವು. ನಲವತ್ತೇಳು ಬರುವವರೆಗೆ ಮೂವತ್ತೆಂಟು ಸೆಕೆಂಡು.

“ಹನ್ನೊಂದು ನಿಮಿಷದ್ದಾ ಇದು?” ಎಂದರು ಲಿಯೋನೆಲ್. ಇನ್ನೊಮ್ಮೆ ನಡೆಸಿ, ಗಡಿಯಾರ ಹಿಡಿದು ತಾವೇ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಮಾಸ್ಟ್ರೇ, ಮುಂದಿನ ಬ್ಯಾಚಿಗೆ ಶನಿವಾರ ಒಂದು ಪಾಠ ನೀವು ಮಾಡಬಹುದಾ?” ಎಂದು ಕೇಳಿದರು.

“ಪರೀಕ್ಷೆ ಪಾಸಾಗದವನು ಪಾಠ ಮಾಡಬಹುದಾ?”

ಲಿಯೋನೆಲ್ ಅವರ ಮುಖ ಕೆಂಪಾಯಿತು. ಮಾಸ್ಟ್ರು ಅವರನ್ನು ಹೆಚ್ಚು ಹೊತ್ತು ಕಾಡಿಸಲಿಲ್ಲ. ಶನಿವಾರ ಹತ್ತಕ್ಕೆ ಬರುತ್ತೇನೆ, ಬೋರ್ಡು ದೊಡ್ಡದು ಹಾಕಿಸಿ ಎಂದರು.

ಮೇ ತಿಂಗಳಿನಲ್ಲಿ ಕಾರ್ಕಳದ ಒಂದು ಪಾಲಿಟೆಕ್ನಿಕ್‌ನಲ್ಲಿ ಸ್ವರ್ಣಲತಾಳಿಗೆ ಸಂದರ್ಶನವಿತ್ತು. ಎದುರು ಕುಳಿತ ಮೂವರಲ್ಲಿ ಒಬ್ಬರು, ಇಲ್ಲಿಯವರೆಗೆ ಸ್ವಂತವಾಗಿ ಎಂತ ಮಾಡಿದ್ದೀರಿ ಎಂದು ಕೇಳಿದರು. ಅವಳು ಎದ್ದು ಬೋರ್ಡಿನ ಬಳಿ ಹೋಗಿ ಸಂಖ್ಯೆಯ ನಿಯಮ, ಮೊತ್ತದ ನಿಯಮ, ಎರಡನ್ನು ಬರೆದಳು. ಒಂದು ಸೂತ್ರ ಅವುಗಳ ಮೂಲಕ ಹೇಗೆ ಇಳಿಯುತ್ತದೆ ಎಂದು ತೋರಿಸಿದಳು. ಪ್ರಶ್ನೆಗಳು ಬಂದವು. ಪ್ರತಿ ಸಾಲು ಎಲ್ಲಿಂದ ಬಂತು ಎಂದು ಅವಳು ಹೇಳಬಲ್ಲವಳಾಗಿದ್ದಳು. ಈ ಕೆಲಸದಲ್ಲಿ ನಿಮ್ಮದೆಷ್ಟು ಎಂದು ಕೇಳಿದಾಗ, “ಇಂಟರ್‌ಪ್ರಿಟರ್ ನನ್ನದು, ಕಂಪೈಲರ್ ನನ್ನ ವಿದ್ಯಾರ್ಥಿಯದು,” ಎಂದಳು. ವಿದ್ಯಾರ್ಥಿಯ ವಯಸ್ಸನ್ನು ಯಾರೂ ಕೇಳಲಿಲ್ಲ. ಹದಿನೈದು ದಿನದಲ್ಲಿ ನೇಮಕದ ಪತ್ರ ಬಂತು.

ಅವಳು ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋಗಿಬರತೊಡಗಿದಳು. ಬನ್ನಂಜೆಯ ಶನಿವಾರದ ಪಾಠಕ್ಕೆ ಈಗ ಇಪ್ಪತ್ತು ಜನ ಬರುತ್ತಾರೆ, ಅರ್ಧ ಜನ ಎರಡನೆಯ ವಾರಕ್ಕೆ ಓಡಿಹೋಗುತ್ತಾರೆ ಎಂದು ಲಿಯೋನೆಲ್ ಹೇಳಿದ್ದರು. ಜುಲೈಯ ಒಂದು ಬೆಳಿಗ್ಗೆ, ಮನೆಯಿಂದ ಹೊರಡುವಾಗ ಕೈಗೆ ಬಂದ ಮಾಸ್ಟ್ರ ಲಕೋಟೆಯನ್ನು ಅವಳು ಬಸ್ಸು ನಂದಿಕೂರು ದಾಟಿದ ಮೇಲೆ ಒಡೆದಳು. ಕ್ಷೇಮ ಸಮಾಚಾರ ಒಂದು ಸಾಲು. ಉಳಿದದ್ದೆಲ್ಲ ಪ್ರಶ್ನೆ. ಸಂಖ್ಯೆ ಬರಬೇಕಾದ ಕಡೆ ಪಟ್ಟಿ ಬಂದರೆ ಪ್ರೋಗ್ರಾಂ ನಡುವೆ ನಿಂತುಹೋಗುತ್ತದೆ. ನಡೆಸುವ ಮೊದಲೇ, ಬರೀ ಓದಿಯೇ ಇಂಥ ತಪ್ಪನ್ನು ಹಿಡಿಯುವ ನಿಯಮಗಳನ್ನು ಬರೆಯಬಹುದೇ? ನಾನು ಏಳು ಬರೆದಿದ್ದೇನೆ, ಏಳನೆಯದು ಮೊದಲಿನ ಆರಕ್ಕೆ ಹೊಂದುತ್ತಿಲ್ಲ, ನೋಡು ಎಂದಿತ್ತು.

ಅವಳು ಏಳನ್ನೂ ಎರಡು ಸಲ ಓದಿದಳು. ಮೂರನೆಯದರಲ್ಲಿ ಅವಳಿಗೆ ಅನುಮಾನ ಬಂತು. ಚೀಲದಿಂದ ಪೆನ್ಸಿಲ್ ತೆಗೆದು, ಕುಲುಕಾಡುವ ಬಸ್ಸಿನಲ್ಲಿ ಅಂಚಿನಲ್ಲೇ ಒಂದು ಉದಾಹರಣೆ ಬರೆದು ನೋಡಿದಳು; ಬೆಳ್ಮಣ್ಣು ಬರುವ ಹೊತ್ತಿಗೆ ಅನುಮಾನ ನಿಜವಾಗಿತ್ತು. ಕಾರ್ಕಳದಲ್ಲಿ ಇಳಿದವಳೇ ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡು ಬರೆದಳು: ಸರ್, ಏಳನೆಯದು ಸರಿಯಾಗಿಯೇ ಉಂಟು, ತಪ್ಪು ಮೂರನೆಯದರಲ್ಲಿ. ಭಾನುವಾರ ಬರುತ್ತೇನೆ.